ಬೆಕ್ಕಿನ ಕಣ್ಣು, ಕಾಫಿ ಬೀಜ ಮತ್ತು ಡಾಕ್ಟರ್ ರುಂಗೆ

ಈ ಸಂಚಿಕೆಗೆ ಪ್ರತಿಯೊಬ್ಬರೂ ಒಬ್ಬ ವಿಜ್ಞಾನಿಯ ಜೀವನ ಪರಿಚಯ ಬರೆದುಕೊಡಬೇಕು ಎಂದು ನಮ್ಮ ಬಯಾಲಜಿ ಸರ್ ಹೇಳಿದ ದಿನ ತರಗತಿಯಲ್ಲಿ ಹೆಸರುಗಳಿಗೆ ಪೈಪೋಟಿಯೇ ನಡೆಯಿತು. ಇಬ್ನ್ ಸಿನಾ ಮೊದಲ ಬೆಂಚಿನವರ ಪಾಲಾದರು. ಅಲ್ ರಾಝಿ, ಅಬ್ದುಲ್ ಕಲಾಂ, ಸಿ.ವಿ. ರಾಮನ್ ಐದು ನಿಮಿಷದಲ್ಲಿ ಖಾಲಿಯಾದರು. ನಾನು ಫ್ರೀಡ್‌ಲೀಬ್ ಫರ್ಡಿನಾಂಡ್ ರುಂಗೆ ಅಂದಾಗ ಎಲ್ಲರೂ ತಿರುಗಿ ನೋಡಿದರು. ಜರ್ಮನಿಯವರು, ಕಾಫಿಯಿಂದ ಕೆಫೀನ್ ಅನ್ನು ಮೊದಲು ಬೇರ್ಪಡಿಸಿದವರು ಎಂದು ಹೇಳಿದೆ. ಗಿರಿಯ ಕಡೆಯ ಹುಡುಗಿಗೆ ಕಾಫಿ ವಿಜ್ಞಾನಿಯೇ ಬೇಕಲ್ಲ ಎಂದು ಸರ್ ನಕ್ಕು ಬರೆದುಕೊಂಡರು. ಆದರೆ ನಾನು ಅವರನ್ನು ಆರಿಸಿದ್ದು ಕಾಫಿಗಾಗಿ ಅಲ್ಲ, ನನ್ನ ಅಬ್ಬಾನಿಗಾಗಿ.

ಹೋದ ವರ್ಷ ದಸರಾ ರಜೆಯಲ್ಲಿ ನಾನು ಮನೆಯಲ್ಲಿದ್ದೆ. ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಅತ್ತಿಗುಂಡಿಗಿಂತ ಸ್ವಲ್ಪ ಕೆಳಗೆ ನಮ್ಮದು ಎರಡು ಎಕರೆ ಅರೇಬಿಕಾ ತೋಟ. ಮಳೆ ಹಿಂದೆ ಸರಿದು ಬಿಸಿಲು ಬಿದ್ದರೆ ಬಿಳಿ ಕಾಂಡಕೊರಕದ ದುಂಬಿ ಹಾರುವ ಕಾಲ. ಆ ವಾರ ಅಬ್ಬಾ ಗಿಡಗಳ ಕಾಂಡಕ್ಕೆ ಔಷಧಿ ಹೊಡೆಯುತ್ತಿದ್ದರು. ನಮ್ಮಲ್ಲಿ ಕೀಟನಾಶಕವನ್ನು ಯಾರೂ ವಿಷ ಅನ್ನುವುದಿಲ್ಲ, ಔಷಧಿ ಅನ್ನುತ್ತೇವೆ. ಅದಕ್ಕೇ ಏನೋ, ಭಯವೂ ಕಡಿಮೆ. ಸ್ಪ್ರೇಯರ್ ಸೋರಿ ಬೆನ್ನೆಲ್ಲ ಒದ್ದೆಯಾಗಿತ್ತು. ನಾಝಲ್ ಕಟ್ಟಿಕೊಂಡಾಗ ಬಾಯಿಂದ ಊದಿ ಸರಿಮಾಡಿಕೊಂಡಿದ್ದರು.

ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ನುಲಿಯುತ್ತಿದೆ ಎಂದು ಬಂದು ಜಗಲಿಯಲ್ಲಿ ಕೂತರು. ವಾಂತಿ, ಭೇದಿ ಒಟ್ಟಿಗೇ ಶುರುವಾಯಿತು. ಅಮ್ಮಿ ಊಟದ್ದೇ ತೊಂದರೆ ಅಂದುಕೊಂಡು ಓಮದ ನೀರು ಕೊಟ್ಟರು. ಅದೂ ನಿಲ್ಲಲಿಲ್ಲ. ಆಮೇಲೆ ಬೆವರು, ಬಾಯಿಂದ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಸಣ್ಣ ನಡುಕ. ಪಕ್ಕದ ಮನೆಯವರ ಜೀಪಿನಲ್ಲಿ ಚಿಕ್ಕಮಗಳೂರಿಗೆ ಕರೆದುಕೊಂಡು ಬಂದೆವು. ಡಾಕ್ಟರ್ ಹೊಟ್ಟೆ ಮುಟ್ಟುವ ಮೊದಲೇ ಟಾರ್ಚ್ ಹಾಕಿ ಕಣ್ಣು ನೋಡಿದರು. ನಾನೂ ನೋಡಿದೆ. ಅಬ್ಬಾನ ಕಣ್ಣಿನ ಪಾಪೆ ಸಾಸಿವೆ ಕಾಳಿಗಿಂತ ಚಿಕ್ಕದಾಗಿತ್ತು. ತೋಟಕ್ಕೆ ಏನು ಹೊಡೆದಿರಿ ಎಂದು ಡಾಕ್ಟರ್ ಅಮ್ಮಿಯನ್ನು ಕೇಳಿದರು. ಪುಣ್ಯಕ್ಕೆ ಜೀಪಿನ ಡ್ರೈವರ್ ಖಾಲಿ ಬಾಟಲಿಯನ್ನೂ ತಂದಿದ್ದರು.

ಆ ಸಂಜೆಯಿಂದ ಒಂದೇ ಇಂಜೆಕ್ಷನ್ ಮತ್ತೆ ಮತ್ತೆ ಕೊಟ್ಟರು. ಆಂಪೂಲಿನ ಮೇಲೆ ಅಟ್ರೋಪಿನ್ ಎಂದಿತ್ತು. ರಾತ್ರಿಯಾಗುವಷ್ಟರಲ್ಲಿ ಅಬ್ಬಾ ಪೂರ್ತಿ ಬೇರೆಯೇ ಆಗಿದ್ದರು. ಜೊಲ್ಲು ನಿಂತು ಬಾಯಿ ಒಣಗಿತ್ತು, ಪಾಪೆ ಅಗಲವಾಗಿತ್ತು, ಗಾಳಿಯಲ್ಲಿ ಏನನ್ನೋ ಹಿಡಿಯುವಂತೆ ಕೈ ಆಡಿಸುತ್ತಿದ್ದರು, ನನ್ನನ್ನು ಅತ್ತೆಯ ಹೆಸರಿನಿಂದ ಕರೆದರು. ಡಾಕ್ಟರ್ ಬಂದು ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟರು, ಆಮೇಲೆ ಹೊಟ್ಟೆಯ ಮೇಲೂ ಇಟ್ಟು ಬಹಳ ಹೊತ್ತು ಕೇಳಿದರು. ಕರುಳು ಸದ್ದು ಮಾಡುತ್ತಿಲ್ಲ, ಮದ್ದು ಸ್ವಲ್ಪ ಹೆಚ್ಚಾಗಿದೆ, ಇಳಿಸೋಣ ಎಂದು ನರ್ಸ್‌ಗೆ ಹೇಳಿದರು. ಎರಡು ದಿನವಾದ ಮೇಲೆ ಆ ಹೊಟ್ಟೆ ಒಮ್ಮೆ ಗುಳುಗುಳು ಅಂದಿತು. ಅಷ್ಟು ಇಂಪಾದ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಲ್ಲಾಹನ ದಯೆಯಿಂದ ವಾರ ತುಂಬುವ ಮೊದಲೇ ಮನೆಗೆ ಬಂದೆವು.

ಹೊಟ್ಟೆನೋವಿಗೆ ಕಣ್ಣನ್ನು ಯಾಕೆ ನೋಡಿದರು ಅನ್ನುವುದು ಆಮೇಲೆ ನನ್ನ ತಲೆಯಿಂದ ಹೋಗಲೇ ಇಲ್ಲ. ಅದನ್ನು ಹುಡುಕುತ್ತಾ ಹೋದಾಗ ಸಿಕ್ಕವರು ರುಂಗೆ.

ಅವರು ಹುಟ್ಟಿದ್ದು 1794ರ ಫೆಬ್ರವರಿ 8ರಂದು, ಹ್ಯಾಂಬರ್ಗ್ ಊರಿನ ಹತ್ತಿರದ ಹಳ್ಳಿಯೊಂದರಲ್ಲಿ. ತಂದೆ ಚರ್ಚಿನ ಪಾದ್ರಿ. ಮನೆಯಲ್ಲಿ ಬಡತನ. ಹದಿನೈದು ಹದಿನಾರರ ವಯಸ್ಸಿಗೆ, ಅಂದರೆ ನಾವು ಪಿಯುಸಿಗೆ ಸೇರುವ ವಯಸ್ಸಿಗೆ, ಲ್ಯೂಬೆಕ್ ಪಟ್ಟಣದಲ್ಲಿ ಮಾವನ ಔಷಧದಂಗಡಿಯಲ್ಲಿ ಕೆಲಸ ಕಲಿಯಲು ನಿಂತರು. ಒಂದು ದಿನ ಬೆಲ್ಲಡೊನ್ನಾ ಎಂಬ ಗಿಡದ ರಸ ತಯಾರಿಸುವಾಗ ಒಂದು ಹನಿ ಕಣ್ಣಿಗೆ ಸಿಡಿಯಿತು. ಆ ಕಣ್ಣಿನ ಪಾಪೆ ದೊಡ್ಡದಾಗಿ ಎಲ್ಲವೂ ಮಸುಕಾಯಿತು. ಬೇರೆ ಹುಡುಗರಾದರೆ ಕಣ್ಣು ತೊಳೆದುಕೊಂಡು ಸುಮ್ಮನಾಗುತ್ತಿದ್ದರು. ಇವರು ಅದನ್ನು ನೆನಪಿನಲ್ಲಿಟ್ಟುಕೊಂಡರು. ನೆಪೋಲಿಯನ್ನನ ಸೈನ್ಯಕ್ಕೆ ಹುಡುಗರನ್ನು ಎಳೆದೊಯ್ಯುತ್ತಿದ್ದ ಕಾಲ ಅದು. ಸ್ನೇಹಿತನೊಬ್ಬನಿಗೆ ಕರೆ ಬಂದಾಗ ಇಂಥದೇ ರಸ ಹಾಕಿ ಕುರುಡನಂತೆ ತೋರಿಸಿ ತಪ್ಪಿಸಿದರೆಂಬ ಕಥೆಯೂ ಇದೆ.

ಬೆಲ್ಲಡೊನ್ನಾ ನಮ್ಮ ಕಡೆ ಬೆಳೆಯುವುದಿಲ್ಲ, ಆದರೆ ಅದರ ನೆಂಟರನ್ನು ನಾವೆಲ್ಲ ನೋಡಿದ್ದೇವೆ. ಬದನೆ, ಟೊಮೆಟೊ, ಆಲೂಗಡ್ಡೆ ಅದರದೇ ಕುಟುಂಬ. ರಸ್ತೆ ಬದಿಯ, ಮುಳ್ಳುಕಾಯಿಯ ಉಮ್ಮತ್ತವೂ ಅದೇ ಕುಟುಂಬ, ಮತ್ತು ಬೆಲ್ಲಡೊನ್ನಾದಲ್ಲಿರುವ ಜಾತಿಯ ವಿಷವೇ ಉಮ್ಮತ್ತದಲ್ಲೂ ಇದೆ. ಈ ಲೇಖನ ಓದಿ ಯಾರೂ ಉಮ್ಮತ್ತದ ರಸ ಹಿಂಡಲು ಹೋಗಬೇಡಿ. ಆಸ್ಪತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟರೂ ಅಬ್ಬಾ ಮಗಳ ಹೆಸರನ್ನು ಮರೆತಿದ್ದರು.

ರುಂಗೆ ಆಮೇಲೆ ವೈದ್ಯಕೀಯ ಓದಲು ಬರ್ಲಿನ್, ಗಾಟಿಂಗನ್, ಕೊನೆಗೆ ಯೆನಾ ಊರಿಗೆ ಹೋದರು. ಯೆನಾದಲ್ಲಿ ಅವರಿಗೆ ರಸಾಯನಶಾಸ್ತ್ರದ ಗುರು ಡೋಬರೈನರ್. ಹೌದು, ನಮ್ಮ ಪಠ್ಯದಲ್ಲಿ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಎಂದು ಮೂರು ಮೂರರ ಗುಂಪು ಮಾಡಿದ ಅದೇ ಡೋಬರೈನರ್. ಶಿಷ್ಯನ ಹುಚ್ಚು ಮಾತ್ರ ವಿಷದ ಗಿಡಗಳ ಮೇಲೆ. ಸಹಪಾಠಿಗಳು ಅವರಿಗೆ ಡಾಕ್ಟರ್ ವಿಷ ಎಂದೇ ಅಡ್ಡಹೆಸರು ಇಟ್ಟಿದ್ದರು. ಒಬ್ಬರು ಯಾವುದೋ ವಿಷ ತಿಂದು ಸತ್ತರೆ ಅದು ಇಂಥ ಗಿಡದ್ದು ಎಂದು ಹೇಳಲು ಆಗ ಸರಿಯಾದ ಪರೀಕ್ಷೆಯೇ ಇರಲಿಲ್ಲ. ಅನುಮಾನದ ದ್ರವವನ್ನು ಬೆಕ್ಕಿನ ಕಣ್ಣಿಗೆ ಹಾಕಿ ನೋಡಿದರೆ, ಬೆಲ್ಲಡೊನ್ನಾ, ಉಮ್ಮತ್ತದಂಥ ಗಿಡದ ರಸವಿದ್ದಲ್ಲಿ ಪಾಪೆ ಅರಳುತ್ತದೆ ಎಂದು ರುಂಗೆ ತೋರಿಸಿಕೊಟ್ಟರು. ಯಂತ್ರಗಳಿಲ್ಲದ ಕಾಲದಲ್ಲಿ ಬೆಕ್ಕಿನ ಕಣ್ಣೇ ಯಂತ್ರ. 1819ರಲ್ಲಿ ಈ ವಿಷಯದ ಮೇಲೇ ಡಾಕ್ಟರ್ ಪದವಿ ಪಡೆದರು.

ಆ ಪ್ರದೇಶದಲ್ಲೇ ಮಹಾಕವಿ ಗಯಟೆ ಇದ್ದರು. ಕಾಳಿದಾಸನ ಶಾಕುಂತಲವನ್ನು ಮೆಚ್ಚಿದವರು ಎಂದು ಕನ್ನಡ ತರಗತಿಯಲ್ಲಿ ಅವರ ಹೆಸರು ಕೇಳಿರುತ್ತೀರಿ. ಅವರಿಗೆ ವಿಜ್ಞಾನದ ಆಸಕ್ತಿಯೂ ಬಹಳ. ಡೋಬರೈನರ್ ಬಾಯಲ್ಲಿ ಬೆಕ್ಕಿನ ಪ್ರಯೋಗದ ಸುದ್ದಿ ಕೇಳಿ ಹುಡುಗನನ್ನು ಕರೆಸಿದರು. ರುಂಗೆ ಹತ್ತಿರ ಒಳ್ಳೆಯ ಕೋಟಿರಲಿಲ್ಲ. ಯಾರದೋ ಕೋಟು ತೊಟ್ಟು, ಟೋಪಿ ಇಟ್ಟು, ಕಂಕುಳಲ್ಲಿ ಬೆಕ್ಕನ್ನು ಹಿಡಿದು ಯೆನಾದ ಪೇಟೆಯ ನಡುವೆ ಹೊರಟರೆ ವಿದ್ಯಾರ್ಥಿಗಳೆಲ್ಲ ನಗುವುದು! 1819ರ ಅಕ್ಟೋಬರ್ ತಿಂಗಳು, ರುಂಗೆಗೆ 25 ವರ್ಷ, ಗಯಟೆಗೆ 70. ಬೆಕ್ಕಿನ ಒಂದು ಕಣ್ಣಿನಲ್ಲಿ ಗೆರೆಯಂಥ ಪಾಪೆ, ಇನ್ನೊಂದರಲ್ಲಿ ಪೂರ್ಣಚಂದ್ರನಂಥ ಪಾಪೆ. ಕವಿಗೆ ಬಹಳ ಸಂತೋಷವಾಯಿತು. ಹೊರಡುವಾಗ ಅಪರೂಪದ ಕಾಫಿ ಬೀಜದ ಪೊಟ್ಟಣವೊಂದನ್ನು ಕೈಗಿಟ್ಟು, ಇದರಲ್ಲಿ ಏನಿದೆ ಎಂದು ಇದನ್ನೂ ಪರೀಕ್ಷಿಸಿ ನೋಡು ಎಂದರಂತೆ. ರುಂಗೆ ಬೀಜ ತೆಗೆದುಕೊಂಡು ಹೊರಟೇಬಿಟ್ಟರು, ಬೆಕ್ಕನ್ನು ಅಲ್ಲೇ ಮರೆಯುತ್ತಿದ್ದರು ಎಂಬ ಮಾತೂ ಇದೆ. ಈ ಪ್ರಸಂಗವನ್ನು ಬರೆದಿಟ್ಟವರು ರುಂಗೆಯೇ, ಅದೂ ಎಪ್ಪತ್ತು ದಾಟಿದ ಮೇಲೆ. ಸ್ವಲ್ಪ ಬಣ್ಣ ಸೇರಿದ್ದರೂ ಕ್ಷಮಿಸೋಣ.

ಆ ಬೀಜಗಳಿಂದ ಅವರು ತೆಗೆದದ್ದು ಬಿಳಿ ರೇಷ್ಮೆ ಎಳೆಗಳಂಥ, ಕಹಿಯಾದ ಹರಳು. ಅದೇ ಕೆಫೀನ್. 1820ರಲ್ಲಿ ಅದನ್ನು ಪುಸ್ತಕದಲ್ಲಿ ಪ್ರಕಟಿಸಿದರು. ಮರುವರ್ಷ ಫ್ರಾನ್ಸಿನ ರಸಾಯನಶಾಸ್ತ್ರಜ್ಞರೂ ತಾವಾಗಿಯೇ ಅದನ್ನು ಕಂಡುಕೊಂಡರು.

ಅಂದರೆ ಒಬ್ಬನೇ ಮನುಷ್ಯ ಇಪ್ಪತ್ತೈದರ ಆಸುಪಾಸಿನಲ್ಲಿ ಎರಡು ವಸ್ತುಗಳ ಬಾಗಿಲು ತಟ್ಟಿದ್ದ. ಒಂದು ಪಾಪೆ ಅರಳಿಸುವ ವಿಷ, ಅದನ್ನು 1830ರ ದಶಕದಲ್ಲಿ ಬೇರೆಯವರು ಶುದ್ಧವಾಗಿ ತೆಗೆದು ಅಟ್ರೋಪಿನ್ ಅಂದರು. ಇನ್ನೊಂದು ಕೆಫೀನ್. ಇವೆರಡೂ ದೇಹದೊಳಗೆ ಒಂದೇ ಬಗೆಯ ತಂತ್ರದಿಂದ ಕೆಲಸ ಮಾಡುತ್ತವೆ ಎನ್ನುವುದು ರುಂಗೆಗೆ ಗೊತ್ತಿರಲಿಲ್ಲ, ಗೊತ್ತಾಗುವ ಕಾಲವೂ ಅದಲ್ಲ.

ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಸಹಾಯ ಮಾಡಿದ್ದು ನಮ್ಮ ಗಿರಿ ಬಸ್ಸು. ಸೀಟು ಬೇಕಾದವರು ಕಿಟಕಿಯಿಂದ ಟವೆಲ್ ಹಾಕುತ್ತಾರಲ್ಲ, ಹಾಗೆ. ಟವೆಲ್ ಪ್ರಯಾಣಿಕನಲ್ಲ, ಟಿಕೆಟ್ ತೆಗೆಯುವುದಿಲ್ಲ, ಆದರೆ ಅದು ಇರುವಷ್ಟು ಹೊತ್ತು ಬೇರೆ ಯಾರೂ ಕೂರುವಂತಿಲ್ಲ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ವಸ್ತು ಹೊರಬಿದ್ದು ಕರುಳಿನ ಸ್ನಾಯುಕೋಶದ ಮೇಲಿರುವ ಗ್ರಾಹಕದಲ್ಲಿ, ಅಂದರೆ ರಿಸೆಪ್ಟರ್‌ನಲ್ಲಿ, ಕೂರುತ್ತದೆ. ಕೂತರೆ ಸ್ನಾಯು ಬಿಗಿಯುತ್ತದೆ. ಕೆಲಸ ಮುಗಿದ ಕೂಡಲೇ ಒಂದು ಕಿಣ್ವ ಅದನ್ನು ಒಡೆದು ಸೀಟು ಖಾಲಿ ಮಾಡಿಸುತ್ತದೆ. ಬಿಗಿದು ಸಡಿಲವಾಗಿ, ಬಿಗಿದು ಸಡಿಲವಾಗಿ ಅನ್ನ ಮುಂದೆ ಸಾಗುತ್ತದೆ. ಪಾಠದಲ್ಲಿ ಪೆರಿಸ್ಟಾಲ್ಸಿಸ್ ಎಂದು ಎರಡು ಅಂಕಕ್ಕೆ ಬರೆಯುವುದು ಇದನ್ನೇ.

ಅಬ್ಬಾ ಹೊಡೆದ ಔಷಧಿ ಮಾಡಿದ್ದು ಇಷ್ಟು: ಆ ಕಿಣ್ವವನ್ನು ಕಟ್ಟಿಹಾಕಿತು. ಅಸಿಟೈಲ್‌ಕೋಲಿನ್ ಒಡೆಯಲಿಲ್ಲ, ಎಲ್ಲ ಸೀಟಿನಲ್ಲೂ ಜನ, ನಿಂತವರೂ ತಳ್ಳಾಡುವವರೂ. ಕರುಳು ಹುಚ್ಚೆದ್ದು ಹಿಂಡಿತು. ಅದೇ ಜಾತಿಯ ಗ್ರಾಹಕ ಜೊಲ್ಲಿನ ಗ್ರಂಥಿಯಲ್ಲೂ, ಶ್ವಾಸನಾಳದಲ್ಲೂ, ಕಣ್ಣಿನ ಪಾಪೆಯನ್ನು ಚಿಕ್ಕದು ಮಾಡುವ ಸ್ನಾಯುವಿನಲ್ಲೂ ಇದೆ. ಕರುಳನ್ನು ಕಣ್ಣಾರೆ ನೋಡಲಾಗದು, ಪಾಪೆಯನ್ನು ನೋಡಬಹುದು. ಡಾಕ್ಟರ್ ಟಾರ್ಚ್ ಹಾಕಿದ್ದು ಅದಕ್ಕೇ. ಅಟ್ರೋಪಿನ್ ಕೊಟ್ಟದ್ದು ಟವೆಲ್ ಹಾಕಿಸಲು. ಟವೆಲ್ ಹೆಚ್ಚಾದರೆ ಬಸ್ಸಿನಲ್ಲಿ ಒಬ್ಬರೂ ಕೂರದಂತಾಗುತ್ತದೆ, ಕರುಳು ಪೂರ್ತಿ ಮೌನವಾಗುತ್ತದೆ. ಹಾಗಾಗಿ ಹೊಟ್ಟೆಯ ಮೇಲೂ ಸ್ಟೆತೊಸ್ಕೋಪ್ ಇಟ್ಟರು.

ಇಂಥ ಸೀಟುಗಳಿವೆ ಎಂಬ ಯೋಚನೆ ಬಂದದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಜಾನ್ ಲ್ಯಾಂಗ್ಲಿ ಅವರಿಗೆ. 1870ರ ದಶಕದಲ್ಲಿ ಅವರು ಅಟ್ರೋಪಿನ್ ಕೊಟ್ಟು ಜೊಲ್ಲು ನಿಲ್ಲುವುದನ್ನು ಪರೀಕ್ಷಿಸಿದರು, ಅಲ್ಲೂ ಬೆಕ್ಕೇ ಪಾಪ. ಔಷಧವನ್ನು ಹಿಡಿದುಕೊಳ್ಳುವ ಯಾವುದೋ ವಸ್ತು ಜೀವಕೋಶದಲ್ಲಿ ಇರಲೇಬೇಕು ಎಂದು ಊಹಿಸಿ, 1905ರಲ್ಲಿ ಅದಕ್ಕೆ ಗ್ರಹಿಸುವ ವಸ್ತು ಎಂಬರ್ಥದ ಹೆಸರಿಟ್ಟರು. ಕರುಳಿನ ಗೋಡೆಯೊಳಗೇ ಒಂದು ಪ್ರತ್ಯೇಕ ನರಮಂಡಲ ಇದೆ ಎಂದು ಗುರುತಿಸಿ ಹೆಸರು ಕೊಟ್ಟವರೂ ಅವರೇ. ಅದರ ಜಾಲವನ್ನು ಅವರಿಗಿಂತ ಮೊದಲೇ, 1862ರಲ್ಲಿ, ಔಯರ್‌ಬಾಖ್ ಸ್ನಾಯುಗಳ ಎರಡು ಪದರಗಳ ನಡುವೆ ಕಂಡಿದ್ದರು. ಅದರಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ತೋರಿಸಿದಂತೆ, ಮೆದುಳಿನಿಂದ ಬರುವ ನರ ಕತ್ತರಿಸಿದರೂ ಕರುಳು ತುತ್ತಿನ ಹಿಂದೆ ಬಿಗಿದು ಮುಂದೆ ಸಡಿಲಿಸಿ ಅದನ್ನು ಸಾಗಿಸುತ್ತಲೇ ಇರುತ್ತದೆ.

ಇಷ್ಟೇ ಆಗಿದ್ದರೆ ಕರುಳು ಒಂದು ಪೈಪು. ಅದು ಸುದ್ದಿಯನ್ನೂ ಕಳಿಸುತ್ತದೆ. ನಮ್ಮ ದೇಹದ ಸೆರೊಟೋನಿನ್‌ನಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕಿಂತ ಹೆಚ್ಚು ಇರುವುದು ಹೊಟ್ಟೆ ಕರುಳಿನಲ್ಲೇ, ಮೆದುಳಿನಲ್ಲಲ್ಲ. ಕರುಳಿನ ಒಳಪೊರೆಗೆ ಒತ್ತಡ ಬಿದ್ದರೆ, ಕೆಟ್ಟದ್ದು ತಾಗಿದರೆ ಅಲ್ಲಿನ ಕೋಶಗಳು ಸೆರೊಟೋನಿನ್ ಬಿಡುತ್ತವೆ. ಅದು ಪಕ್ಕದ ನರದ ತುದಿಯ ಗ್ರಾಹಕದಲ್ಲಿ ಕೂತಾಗ ಓಕರಿಕೆ, ನುಲಿತ, ತುಂಬಿದ ಭಾವ ಎಂಬ ಸುದ್ದಿ ಮೇಲೆ ಹೋಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯವರಿಗೆ ವಾಂತಿ ನಿಲ್ಲಲು ಕೊಡುವ ಆಂಡನ್‌ಸೆಟ್ರಾನ್ ಮಾತ್ರೆ ಈ ಸೀಟಿಗೆ ಹಾಕುವ ಟವೆಲ್. ಅತ್ತಲಿಂದ ಇತ್ತಲೂ ಸುದ್ದಿ ಬರುತ್ತದೆ. ಪ್ರ್ಯಾಕ್ಟಿಕಲ್ ಪರೀಕ್ಷೆಯ ಬೆಳಗ್ಗೆ ಹಾಸ್ಟೆಲಿನ ಶೌಚಾಲಯದ ಮುಂದೆ ಸಾಲು ಯಾಕೆ ಉದ್ದ ಎಂದು ಇನ್ನು ಕೇಳಬೇಡಿ.

ಕೆಫೀನಿನ ಟವೆಲ್ ಬೀಳುವುದು ಅಡೆನೊಸಿನ್ ಎಂಬ ವಸ್ತುವಿನ ಸೀಟಿಗೆ. ಎಚ್ಚರವಾಗಿದ್ದಷ್ಟೂ ಮೆದುಳಿನಲ್ಲಿ ಅಡೆನೊಸಿನ್ ಸೇರುತ್ತಾ ಹೋಗಿ ತೂಕಡಿಕೆ ತರುತ್ತದೆ, ಕೆಫೀನ್ ಅದನ್ನು ಕೂರಲು ಬಿಡುವುದಿಲ್ಲ. ಯೆಮನ್ ದೇಶದ ಸೂಫಿಗಳು ಹದಿನೈದನೇ ಶತಮಾನದಲ್ಲೇ ರಾತ್ರಿಯ ದ್ಸಿಕ್ರ್‌ಗೆ ನಿದ್ದೆ ಬಾರದಿರಲಿ ಎಂದು ಕಹ್ವಾ ಕುಡಿಯುತ್ತಿದ್ದರು. ಅದೇ ಯೆಮನ್ನಿನ ಮೋಕಾ ಬಂದರಿನಿಂದ ಹಜ್ ಮುಗಿಸಿ ಬರುವಾಗ ಬಾಬಾ ಬುಡನ್ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟರು ಎಂಬುದು ನಮ್ಮ ಕಡೆ ಹಸುಗೂಸಿಗೂ ಗೊತ್ತಿರುವ ಮಾತು. ಏಳು ಬೀಜ ಇತ್ತ ಬಂದವು, ಒಂದು ಪೊಟ್ಟಣ ರುಂಗೆಯ ಕೈಗೆ ಹೋಯಿತು.

ಬೆಳಗ್ಗೆ ಕಾಫಿ ಕುಡಿದರೆ ಹೊಟ್ಟೆ ಸಲೀಸು ಎಂದು ಅಬ್ಬಾ ಹೇಳುವುದು ಕೆಫೀನಿನಿಂದಲೇ ಇರಬೇಕು ಅಂದುಕೊಂಡಿದ್ದೆ. ಹಾಗಲ್ಲವಂತೆ. 1990ರಲ್ಲಿ ಇಂಗ್ಲೆಂಡಿನಲ್ಲಿ 99 ಜನರನ್ನು ಕೇಳಿದಾಗ ನೂರಕ್ಕೆ 29ರಷ್ಟು ಮಂದಿ ಕಾಫಿ ಕುಡಿದರೆ ಶೌಚಕ್ಕೆ ಅವಸರವಾಗುತ್ತದೆ ಅಂದರು. ಅಂಥವರ ದೊಡ್ಡ ಕರುಳಿನ ಒತ್ತಡ ಅಳೆದಾಗ ಕುಡಿದ ನಾಲ್ಕೇ ನಿಮಿಷದಲ್ಲಿ ಚಲನೆ ಹೆಚ್ಚಿತು, ಕೆಫೀನ್ ತೆಗೆದ ಕಾಫಿಯಿಂದಲೂ ಹೆಚ್ಚಿತು, ಬರೀ ಬಿಸಿನೀರಿನಿಂದ ಹೆಚ್ಚಲಿಲ್ಲ. ಕಾಫಿಯಲ್ಲಿ ಬೇರೆ ಯಾವುದೋ ಕೈ ಇದೆ. ಗಯಟೆಯ ಪೊಟ್ಟಣ ಇನ್ನೂ ಪೂರ್ತಿ ಖಾಲಿಯಾಗಿಲ್ಲ.

ರುಂಗೆಯ ಮುಂದಿನ ಬದುಕು ಸುಲಭದ್ದಲ್ಲ. ಕೆಲಕಾಲ ಬ್ರೆಸ್ಲಾವ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದು, 1832ರ ಹೊತ್ತಿಗೆ ಬರ್ಲಿನ್ ಹತ್ತಿರದ ಒರಾನಿಯನ್‌ಬುರ್ಗ್‌ನ ರಾಸಾಯನಿಕ ಕಾರ್ಖಾನೆ ಸೇರಿದರು. ಆಗ ಕಲ್ಲಿದ್ದಲಿನಿಂದ ದೀಪದ ಅನಿಲ ತೆಗೆದ ಮೇಲೆ ಉಳಿಯುವ ಟಾರು ಎಲ್ಲರಿಗೂ ಬೇಡದ ಕಸ. ಅದರಿಂದ ಅವರು 1834ರ ಹೊತ್ತಿಗೆ ತೆಗೆದ ವಸ್ತುಗಳನ್ನು ನೋಡಿ: ಅನಿಲಿನ್, ಫೀನಾಲ್, ಪಿರೋಲ್, ಕ್ವಿನೊಲಿನ್. ನಮ್ಮ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ನಿದ್ದೆಗೆಡಿಸುವ ಹೆಸರುಗಳೆಲ್ಲ ಒಂದೇ ಟಾರಿನ ಡಬ್ಬದಿಂದ! ಅನಿಲಿನ್‌ಗೆ ಬ್ಲೀಚಿಂಗ್ ಪುಡಿ ಹಾಕಿದಾಗ ಚಂದದ ನೀಲಿ ಬರುವುದನ್ನೂ ಕಂಡರು. ಇದರಿಂದ ಬಣ್ಣ ತಯಾರಿಸೋಣ ಎಂಬ ಅವರ ಮಾತಿಗೆ ಕಾರ್ಖಾನೆ ನಡೆಸುವವರು ಕಿವಿಗೊಡಲಿಲ್ಲ. ಇಪ್ಪತ್ತು ವರ್ಷ ಕಳೆದು 1856ರಲ್ಲಿ ಇಂಗ್ಲೆಂಡಿನ ಹದಿನೆಂಟರ ಹುಡುಗ ಪರ್ಕಿನ್ ಅನಿಲಿನ್‌ನಿಂದಲೇ ನೇರಳೆ ಬಣ್ಣ ಮಾಡಿ ಶ್ರೀಮಂತನಾದ.

1855ರಲ್ಲಿ ರುಂಗೆ ಒಂದು ವಿಚಿತ್ರ ಪುಸ್ತಕ ತಂದರು. ಹೀರುವ ಕಾಗದದ ಮೇಲೆ ಬೇರೆ ಬೇರೆ ದ್ರವಗಳ ಹನಿ ಬಿಟ್ಟರೆ ಅವು ಹರಡಿ ಹೂವಿನಂಥ ಬಣ್ಣದ ಉಂಗುರಗಳಾಗುತ್ತವೆ, ಅಂಥ ನಿಜವಾದ ಕಾಗದಗಳನ್ನೇ ಅದರಲ್ಲಿ ಅಂಟಿಸಿದ್ದರು. ಎಲೆಯ ಹಸಿರನ್ನು ಕಾಗದದ ಪಟ್ಟಿಯಲ್ಲಿ ಏರಿಸಿ ಬಣ್ಣ ಬೇರ್ಪಡಿಸುವ ಕ್ರೊಮ್ಯಾಟೋಗ್ರಫಿ ಪ್ರಯೋಗವನ್ನು ನಾವು ಮಾಡುತ್ತೇವಲ್ಲ, ಅದರ ಅಜ್ಜ ಈ ಪುಸ್ತಕ.

ಅಷ್ಟರಲ್ಲಿ ಕಾರ್ಖಾನೆ ಬೇರೆಯವರ ಕೈಗೆ ಹೋಗಿ, 1852ರಲ್ಲೇ ಅವರ ಕೆಲಸವೂ ಹೋಗಿತ್ತು. ಪಿಂಚಣಿಗೂ ಜಗಳವಾಡಬೇಕಾಯಿತು. ಮದುವೆಯಾಗಿರಲಿಲ್ಲ. ಕೊನೆಯ ವರ್ಷಗಳಲ್ಲಿ ಮನೆಗೆಲಸದ ಪತ್ರಗಳು ಎಂದು ಬರೆದರು, ಕಲೆ ತೆಗೆಯುವುದು, ಅಡುಗೆ, ಹಣ್ಣು ಕೆಡದಂತೆ ಇಡುವುದು, ಅದರ ನಡುವೆಯೇ ಗಯಟೆ ಮತ್ತು ಬೆಕ್ಕಿನ ಪ್ರಸಂಗ. 1867ರ ಮಾರ್ಚ್ 25ರಂದು ಬಡತನದಲ್ಲೇ ತೀರಿಕೊಂಡರು. ಅದೇ ವರ್ಷ ಜೋಸೆಫ್ ಲಿಸ್ಟರ್, ಗಾಯ ಕೊಳೆಯದಂತೆ ಕಾರ್ಬಾಲಿಕ್ ಆಸಿಡ್ ಬಳಸುವ ಬಗ್ಗೆ ಪ್ರಕಟಿಸಿ ಶಸ್ತ್ರಚಿಕಿತ್ಸೆಯನ್ನೇ ಬದಲಿಸಿದರು. ಕಾರ್ಬಾಲಿಕ್ ಆಸಿಡ್ ಅಂದರೆ ಫೀನಾಲ್, ರುಂಗೆ ಟಾರಿನಿಂದ ತೆಗೆದದ್ದೇ. ನನಗೆ ಬೇಸರವಾಗುವುದು ಬಡತನಕ್ಕಿಂತ ಇದಕ್ಕೆ. ತಾನು ಮುಟ್ಟಿದ್ದು ಎಲ್ಲೆಲ್ಲಿ ಯಾರ್ಯಾರ ಪ್ರಾಣ ಉಳಿಸುತ್ತದೆ ಎಂದು ನೋಡಲು ಅವರು ಇರಲಿಲ್ಲ.

ಇದನ್ನು ಬರೆದು ಮುಗಿಸಿ ಮನೆಗೆ ಹೋದಾಗ ಅಬ್ಬಾನಿಗೆ ಓದಿ ಹೇಳಿದೆ. ಈಗ ಅವರು ಕೈಗವಸು, ಮುಖಕ್ಕೆ ಮಾಸ್ಕ್ ಇಲ್ಲದೆ ಸ್ಪ್ರೇಯರ್ ಮುಟ್ಟುವುದಿಲ್ಲ, ನಾಝಲ್ ಕಟ್ಟಿಕೊಂಡರೆ ತೆಗೆಯಲು ಅಮ್ಮಿ ಸೈಕಲ್ಲಿನ ಕಡ್ಡಿಯೊಂದನ್ನು ದಾರ ಕಟ್ಟಿ ಪಂಪಿಗೇ ತೂಗುಹಾಕಿದ್ದಾರೆ. ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಅಬ್ಬಾ ಎಲ್ಲ ಕೇಳಿದರು. ರಿಸೆಪ್ಟರ್, ಲ್ಯಾಂಗ್ಲಿ, ಟಾರು ಯಾವುದರ ಬಗ್ಗೆಯೂ ಏನೂ ಅನ್ನಲಿಲ್ಲ. ಆ ಬೆಕ್ಕಿಗೆ ಆಮೇಲೆ ಕಣ್ಣು ಕಂಡಿತಾ ಎಂದು ಕೇಳಿದರು. ಆ ಮದ್ದಿನ ಪ್ರಭಾವ ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ, ಆಮೇಲೆ ಪಾಪೆ ಮೊದಲಿನಂತೆ ಆಗುತ್ತದೆ ಎಂದೆ. ಹಾಗಾದರೆ ಸರಿ ಎಂದು ಲೋಟ ಖಾಲಿ ಮಾಡಿ ತೋಟಕ್ಕೆ ಎದ್ದರು.